ಉಸಿರೆತ್ತುವ ಕೆಲಸ

ಲೀಮಾದಲ್ಲಿ ಜೂನ್ ಬಂತೆಂದರೆ ಆಕಾಶ ಇರುವುದಿಲ್ಲ.
ಮಳೆಯೂ ಅಲ್ಲ, ಮಂಜೂ ಅಲ್ಲ,
ಕಡಲಿನಿಂದ ಎದ್ದು ಬಂದ ಒದ್ದೆ ಬೂದಿ.
ಹಗ್ಗದ ಮೇಲಿನ ಹಾಸಿಗೆಬಟ್ಟೆ ಮೂರು ದಿನವಾದರೂ ತಣ್ಣಗೆ.
ಕ್ಷಯದ ವಾರ್ಡಿನಲ್ಲಿ ಹನ್ನೊಂದು ಮಂಚ.
ರಾತ್ರಿ ಎಂಟಕ್ಕೇ ಯಾರೋ ಎದ್ದು ಕಿಟಕಿ ಹಾಕುತ್ತಾರೆ.
ನಾನು ತೆಗೆಯುತ್ತೇನೆ. ಅವರು ಹಾಕುತ್ತಾರೆ.

ಅದಕ್ಕೇ ಗೋಡೆಯ ಮೇಲೆ, ಏಳಡಿಗೂ ಎತ್ತರ,
ತಗಡಿನ ಡಬ್ಬಿಯಲ್ಲಿ ಒಂದು ಚೂರು
ಬಿಸಿಯಿಲ್ಲದ ಬಿಸಿಲು.
ನೇರಳೆಯನ್ನೂ ದಾಟಿದ್ದಂತೆ,
ನಾವು ಕುಡಿಯುವ ಕಪ್ಪುಜೋಳದ ಪಾನಕಕ್ಕಿಂತ ಆಚೆಯ ಬಣ್ಣ.
ನೆಟ್ಟು ನೋಡಿದರೆ ರಾತ್ರಿಯೆಲ್ಲ ಕಣ್ಣಲ್ಲಿ ಮರಳು.
ತಗಡಿನ ಪಟ್ಟಿಗಳು ಅದನ್ನು ಯಾರ ತಲೆಗೂ ತಾಗದಂತೆ
ಅಡ್ಡಕ್ಕೆ ಹಾಸುತ್ತವೆ, ಒಂದು ಅಟ್ಟದ ಹಾಗೆ.
ಕೆಳಗಿನ ಉಸಿರನ್ನು ಆ ಅಟ್ಟ ಹತ್ತಿಸುವುದು ಫ್ಯಾನು.

ನನ್ನೂರು ಆಯಾಕುಚೊದ ಮೇಲಿನ ಗುಡ್ಡ.
ಅಲ್ಲಿ ಬಿಸಿಲಿಗೆ ಮಕ್ಕಳ ಕೆನ್ನೆ ಒಡೆಯುತ್ತಿತ್ತು.
ನನಗೆ ಆರು ವರ್ಷ. ಒಂದು ರಾತ್ರಿ ಅಂಗಳದಲ್ಲಿ ಬೂಟು;
ಯಾರ ಬೂಟು, ಕತ್ತಲಲ್ಲಿ ತಿಳಿಯದು.
ಅವ್ವ ಕಂಬಳಿಯೊಳಗೆ ನನ್ನ ಬಾಯಿ ಒತ್ತಿ
ಉಸಿರೆತ್ತಬೇಡ ಅಂದಳು.
ನಲವತ್ತು ವರ್ಷ ಎತ್ತಲಿಲ್ಲ.
ಈಗ ಉಸಿರೆತ್ತುವ ಯಂತ್ರದ ಧೂಳು ಒರೆಸುವುದಕ್ಕೆ
ಸಂಬಳ ಕೊಡುತ್ತಾರೆ.

ಏಳನೆಯ ಮಂಚದ ವಿದಾಲ್ ಬಸ್ಸಿನ ಕಂಡಕ್ಟರು.
ಹನ್ನೆರಡು ವರ್ಷ ಬಾಗಿಲಿಗೆ ಜೋತುಬಿದ್ದು
ಬೀದಿಗಳ ಹೆಸರು ಕೂಗಿದವನು;
ದನಿ ಈಗ ಹರಿದ ಟಿಕೆಟ್ಟು.
ಮಲಗಿಕೊಂಡೇ ಫ್ಯಾನು ನೋಡುತ್ತಾನೆ:
"ನನ್ನ ಕೆಲಸ ಕಸಿದುಕೊಂಡ ನೋಡು ಇವನು.
ಹತ್ತಿ ಹತ್ತಿ, ಇಳೀರಿ ಇಳೀರಿ,
ರಾತ್ರಿಯಿಡೀ. ಚಿಲ್ಲರೆ ಸಹ ಕೇಳೋದಿಲ್ಲ."
ನಗು ಕೆಮ್ಮಾಗುತ್ತದೆ. ಕೆಮ್ಮು ಮೇಲೇರುತ್ತದೆ.
ಇಳಿದು ಬಂದದ್ದನ್ನು ನಾನು ಉಸಿರಾಡುತ್ತೇನೆ.

ತಿಂಗಳ ಮೊದಲ ಸೋಮವಾರ ದೀಪ ಆರಿಸಿ, ಏಣಿ ಹತ್ತಿ,
ಸ್ಪಿರಿಟ್ಟಿನ ಬಟ್ಟೆಯಲ್ಲಿ ಕೊಳವೆ ಒರೆಸುತ್ತೇನೆ.
ನಿನ್ನೆ ಇಂಜಿನಿಯರ್ ಹುಡುಗಿ ಬಂದಳು,
ಕೈಗವಸು, ದಪ್ಪ ಕನ್ನಡಕ, ಕೈಯಲ್ಲಿ ಮೀಟರು.
"ಇದು ಸತ್ತು ಎಷ್ಟೋ ತಿಂಗಳಾಗಿದೆ."
ನೀಲಿ ಉರೀತಿದೆಯಲ್ಲ, ಅಂದೆ.
"ನೀಲಿ ಬರೀ ನೀಲಿ.
ಕೆಲಸದ ಬೆಳಕು ನಿಮಗೆ ಯಾವತ್ತೂ ಕಂಡೇ ಇಲ್ಲ."

ಎಷ್ಟೋ ತಿಂಗಳು.
ಆ ನೀಲಿಯನ್ನು ನಂಬಿ, ಮಾಸ್ಕು ಗದ್ದಕ್ಕಿಳಿಸಿ,
ವಿದಾಲ್ ಪಕ್ಕ ಕೂತು ಹುರಿದ ಜೋಳ ತಿಂದ ರಾತ್ರಿಗಳನ್ನು
ಎಣಿಸತೊಡಗಿದೆ.
ಬೇಕೆಂದೇ ಎಣಿಕೆ ತಪ್ಪಿಸಿದೆ.

ಹೊಸ ಕೊಳವೆ ಗುರುವಾರವಂತೆ.
ಮಂಚಕ್ಕೆ ಎರಡೆರಡು ಕಂಬಳಿ ಹೊದಿಸಿ
ಕಿಟಕಿಗಳನ್ನೆಲ್ಲ ತೆರೆದೆ. ಒದ್ದೆ ಬೂದಿ ಒಳಗೆ ಬಂತು.
ಹಾಕೇ ತಾಯಿ, ಚಳಿಗೆ ಸತ್ತೇವು, ಅಂತ ಮೂಲೆಯಿಂದ;
ಯಾರೋ ಎದ್ದೇಬಿಟ್ಟರು ಬರಿಗಾಲಲ್ಲಿ.
ತೆಗೆದೇ ಇರಲಿ! ಅಂದೆ.
ಓಣಿಯ ನಾಯಿಯೊಂದು ಬೊಗಳಿತು.
ಇಷ್ಟು ದೊಡ್ಡ ದನಿ ನನ್ನೊಳಗಿತ್ತೆಂದು ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು, ಏಳನೆಯ ಮಂಚದಿಂದ,
ತಗ್ಗಿದ ದನಿಯಲ್ಲಿ:
ರೈಟ್. ರೈಟ್.