ಎದೆಗಿಂತ ಮೇಲೆ

ಎದೆಗಿಂತ ಮೇಲಿರಲಿ ಕಾಲು, ಎಂದರು ಮೂಳೆ ಡಾಕ್ಟರು.
ಮೂರು ದಿಂಬು, ಅದರ ಮೇಲೆ ಮಡಿಸಿದ ಕಂಬಳಿ,
ಅದರ ಮೇಲೆ ನನ್ನ ಬಲಗಾಲು:
ಸಾಗರದ ಬಸ್ಸಿನಲ್ಲಿ ಹತ್ತೊಂಬತ್ತು ವರ್ಷ
ನಿಂತೇ ಬಂದದ್ದಕ್ಕೆ ಈಗ ಸೀಟು ಸಿಕ್ಕಿದೆ,
ಅದೂ ಕಿಟಕಿ ಪಕ್ಕ.

ಹೆಬ್ಬೆರಳ ಬುಡದಲ್ಲಿ ಬೆಳೆದಿತ್ತು ಗಂಟು.
ಯಾರ್ಯಾರದೋ ಗಂಟುಮೂಟೆಗೆ ಲಗೇಜ್ ಟಿಕೆಟ್ ಹರಿದವಳು
ನನ್ನದನ್ನು ಮಾತ್ರ ಪುಕ್ಕಟೆ ಸಾಗಿಸಿದ್ದೆ.
ಮೆಗ್ಗಾನಿನಲ್ಲಿ ಇಳಿಸಿಕೊಂಡರು.

ಹಣದ ಚೀಲಕ್ಕೆ ಕಾಲು ತಾಗಿದರೆ
ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದವಳು ನಾನು.
ಈಗ ನೋಡಿದರೆ ಕ್ಯಾಲೆಂಡರಿನ ಲಕ್ಷ್ಮಿಯ ಮುಖಕ್ಕೇ
ಐದು ಬೆರಳು ಹಿಡಿದು ಮಲಗಿದ್ದೇನೆ.
ಮೊದಲ ದಿನ ತಪ್ಪಾಯಿತು ಎಂದೆ.
ಎರಡನೆಯ ದಿನವೂ ಎಂದೆ.
ಮೂರನೆಯ ದಿನ ಕೆಳಮನೆಯ ಫಿಲೋಮಿನಕ್ಕ
ಕ್ಯಾಲೆಂಡರನ್ನು ತಲೆದಿಂಬಿನ ಗೋಡೆಗೆ ತೂಗುಹಾಕಿ,
ಈಗ ಇಬ್ಬರೂ ಸೇರಿ ಕಾಲು ನೋಡಿಕೊಳ್ಳಿ, ಎಂದಳು.

ರಾತ್ರಿ ಮೂರಕ್ಕೆ ನೋವು ಡ್ಯೂಟಿಗೆ ಬರುತ್ತದೆ,
ಒಂದು ದಿನ ತಡವಿಲ್ಲ.
ಫ್ರಿಜ್ಜಿನಲ್ಲಿದೆ ಬಟಾಣಿ ಪ್ಯಾಕೆಟ್ಟು,
ಮೇಲೆ ಬರೆದಿದ್ದೇನೆ: ಸಾಗುವಿಗಲ್ಲ, ಕಾಲಿಗೆ.
ಪಂಚೆಯ ತುಂಡಿನಲ್ಲಿ ಸುತ್ತಿ ಇಪ್ಪತ್ತು ನಿಮಿಷ,
ಅಂದರೆ ಆಯನೂರು ಇನ್ನೂ ಬಂದಿಲ್ಲ.
ತೆಗೆದಿಟ್ಟು, ಕಣ್ಣು ಮುಚ್ಚಿ,
ಒಂದೊಂದೇ ಸ್ಟಾಪು ಹೇಳಿಕೊಳ್ಳುತ್ತೇನೆ.
ಕುಂಸಿ. ಚೋರಡಿ.
ಸಾಗರ ತಲುಪಿದ ರಾತ್ರಿಯೇ ಇಲ್ಲ;
ಆನಂದಪುರಕ್ಕೆ ಮೊದಲೇ ಎಲ್ಲೋ
ಕೈ ಮಾಡದೆಯೇ ನಿದ್ದೆ ಹತ್ತುತ್ತದೆ.

ಸ್ನಾನಕ್ಕೆ ನೀಲಿ ಪ್ಲಾಸ್ಟಿಕ್ ಕುರ್ಚಿ,
ಬೋರಲು ಹಾಕಿದ ಬಕೆಟ್ಟಿನ ಮೇಲೆ ಕಾಲು,
ಕಾಲಿಗೆ ಅಕ್ಕಿಯ ಪ್ಲಾಸ್ಟಿಕ್ ಚೀಲ,
ಚೀಲದ ಬಾಯಿಗೆ ಸೈಕಲ್ ಟ್ಯೂಬಿನ ಕಟ್ಟು.
ಮೊಣಕಾಲಿನಿಂದ ಕೆಳಗೆ ನಾನು
ಸೋನಾಮಸೂರಿ, ನಿವ್ವಳ ತೂಕ ಹತ್ತು ಕಿಲೋ.
ನೀರು ಸುರಿದುಕೊಳ್ಳುವಾಗ ನಗು ಬಂತು.
ಆಮೇಲೆ, ಯಾಕೋ, ಬಹಳ ಹೊತ್ತು ಅತ್ತೆ.
ಬಚ್ಚಲಲ್ಲಿ ಅತ್ತದ್ದು ಲೆಕ್ಕಕ್ಕೆ ಬರುವುದಿಲ್ಲ.

ಎರಡು ಕೈಯೂ ವಾಕರಿಗೆ ಮೀಸಲು.
ಆದ್ದರಿಂದ ಅದರ ಕೊರಳಿಗೆ ನನ್ನ ಹಳೆಯ ಚರ್ಮದ ಚೀಲ:
ಫ್ಲಾಸ್ಕು, ಫೋನು, ಮಾತ್ರೆ, ಎರಡು ಚಕ್ಕುಲಿ.
ನನ್ನ ಕೊರಳಿಗೆ ಸೀಟಿ.
ಒಂದು ಊದಿದರೆ ಫಿಲೋಮಿನಕ್ಕ ಮೆಟ್ಟಿಲು ಹತ್ತಬೇಕು,
ಎರಡು ಊದಿದರೆ ಏನಿಲ್ಲ, ರೈಟ್, ಅಂತ.
ಒಮ್ಮೆ ನಾನು ಊದಿದ್ದಕ್ಕೆ
ಬೀದಿಯಲ್ಲಿ ಹೋಗುತ್ತಿದ್ದ ಆಟೋ ನಿಂತುಬಿಟ್ಟಿತು,
ಒಳಗಿದ್ದ ಅಜ್ಜಿ ಇಳಿಯಲು ಹೊರಟರಂತೆ.

ಬಲಗಾಲಿನ ಬೂಟು ಎತ್ತರ, ಎಡಗಾಲು ಗಿಡ್ಡ,
ನಡೆದರೆ ಸೊಂಟದ ತಕರಾರು.
ಬಸ್ ಸ್ಟ್ಯಾಂಡಿನ ಗಾಳೆಪ್ಪ ಎಡಗಾಲ ಚಪ್ಪಲಿಗೆ
ಒಂದೂಕಾಲಿಂಚು ಟೈರು ಅಂಟಿಸಿ ಮೊಳೆ ಹೊಡೆದು ಕಳಿಸಿದ.
ಅಕ್ಕನ ಡಿಪೋದ್ದೇ ಟೈರು ಅಂತ ಹೇಳಿ, ಎಂದನಂತೆ,
ದುಡ್ಡು ಮುಟ್ಟಲಿಲ್ಲವಂತೆ.
ಎಷ್ಟು ಸಲ ಸಾಗರ ಕಂಡ ರಬ್ಬರೋ,
ಈಗ ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿಂದ ಹಾಸಿಗೆಗೆ,
ದಿನಕ್ಕೆ ಆರು ಟ್ರಿಪ್ಪು.

ಹೊಲಿಗೆ ಬಿಚ್ಚಿದ ಮೇಲೆ ಹೊಸ ಪಾಠ:
ನೆಲಕ್ಕೆ ಗೋಲಿ ಹಾಕಿ, ಕಾಲ್ಬೆರಳಿನಿಂದ ಹೆಕ್ಕಿ, ಎಂದರು.
ಗೋಲಿ ಎಲ್ಲಿಂದ ತರಲಿ?
ಚೀಲದ ಮೂಲೆಯಲ್ಲಿ ರೂಪಾಯಿ ನಾಣ್ಯಗಳಿದ್ದವು. ಸುರಿದೆ.
ತಿರುಗಿ ಲಕ್ಷ್ಮಿಯನ್ನೊಮ್ಮೆ ನೋಡಿದೆ,
ಅವಳು ನನ್ನ ಕಾಲನ್ನೇ ನೋಡುತ್ತಿದ್ದಳು.
ಹೆಬ್ಬೆರಳು ಬಾಗಲೊಲ್ಲದು, ಪಕ್ಕದ್ದು ಸುಮ್ಮನೆ ಅವಸರ ಮಾಡುತ್ತದೆ,
ನಾಣ್ಯ ಜಾರಿ ಮಂಚದಡಿಗೆ ಉರುಳುತ್ತದೆ.
ಚಿಲ್ಲರೆ ಕೊಡಿ, ಚಿಲ್ಲರೆ ಕೊಡಿ,
ಹತ್ತೊಂಬತ್ತು ವರ್ಷ ಊರಿಗೆಲ್ಲ ಹೇಳಿದ್ದನ್ನು
ಕಾಲಿಗೆ ಹೇಳುತ್ತ ಕೂತೆ.

ಸಂಜೆ ನಲ್ಲಿ ನೀರು ಬರುವ ಹೊತ್ತಿಗೆ
ಕೊಟ್ಟಿತು. ಒಂದೇ ಒಂದು ರೂಪಾಯಿ,
ಬೆರಳ ಸಂದಿಯಲ್ಲಿ ನಡುಗುತ್ತ ಮೇಲೆ ಬಂತು.
ಕಣ್ಣಿಗೊತ್ತಿಕೊಳ್ಳೋಣವೆಂದರೆ
ಕಾಲು ಅಷ್ಟು ದೂರ ಬರುವುದಿಲ್ಲ.
ಸೀಟಿ ಹುಡುಕಿ
ಎರಡು ಊದಿದೆ.