ಚಿಲ್ಲರ ನಿದ್ದಿ

ಇಡೀ ನೋಟಿನಂಥ ನಿದ್ದಿ
ಈಗ ನನಗ ಯಾರೂ ಕೊಡೂದಿಲ್ಲ.
ಬರೂದೆಲ್ಲಾ ಚಿಲ್ಲರ.
ಹನ್ನೊಂದಕ್ಕ ಇಪ್ಪತ್ತು ಮಿನಿಟ,
ಒಂದೂವರಿಗೆ ಮುಕ್ಕಾಲು ತಾಸು,
ನಡುವ ಸವಕಲು ಎಂಟಾಣೆಯಂಥ ಒಂದು ಜೊಂಪು,
ಎಲ್ಲೀನೂ ನಡಿಯೂದಿಲ್ಲ ಅದು.

ನಾಲ್ಕೂವರಿಗೆ ಅಲಾರಾಂ ಹೊಡೀತೈತಿ.
ಎಣಿಸಿದ್ರ ಮೂರು ತಾಸು ತುಂಬಂಗಿಲ್ಲ.
ಡಿಪೋದಾಗ ರೊಕ್ಕ ಕಡಿಮಿ ಬಿದ್ರ
ಪಗಾರದಾಗ ಮುರಕೋತಾರ.
ಇದನ್ನ ಮಾತ್ರ ಯಾರೋ
ಮೊಣಕಾಲಿನ್ಯಾಗ, ಕಣ್ಣಿನ ಬುಡಕ
ದಿನಾ ಮುರಕೊಳ್ಳಾಕತ್ತ್ಯಾರ.

ಬಾಗಲಕೋಟಿ–ಇಳಕಲ್ಲ, ಆರರ ಗಾಡಿ.
ನವನಗರ ದಾಟೂದ್ರಾಗ ನನ್ನ ಆಕಳಿಕಿ
ಮುಂದಿನ ಸೀಟಿನಿಂದ ಹಿಂದಿನ ಸೀಟಿನ ತನಕ
ಟಿಕೀಟಿಲ್ಲದ ಹೋಗಿ ಮುಟ್ಟತೈತಿ.
ಒಬ್ಬೊಬ್ಬರ ಬಾಯಿ ತೆರದು
ಆಮ್ಯಾಲೆ ಎಲ್ಲಾರೂ ಮಲಗತಾರ.
ಕಮತಗಿ ಸಾಲಿ ಮಾಸ್ತರರು, ಕನ್ನಡಕ ಮೂಗಿನ ತುದಿಗೆ,
ಮೊಸರಿನ ಗಡಿಗಿ ತೊಡಿ ನಡುವ ಹಿಡಕೊಂಡಾಕಿ,
ಗುರ್ತಿಲ್ಲದವರ ಹೆಗಲ ಮ್ಯಾಲೆ ಕಾಲೇಜಿನ ಹುಡುಗ.
‘ಅಮೀನಗಡ, ಅಮೀನಗಡ, ಇಳೀರಿ!’
ಮಂದಿ ನಿದ್ದಿ ಕೆಡಸೂದ ನನ್ನ ನೌಕರಿ.
ಅವರ ಶಾಪ ಇದ್ದೀತು.

ದವಾಖಾನ್ಯಾಗ ರಕ್ತ ತಗೊಂಡು ನೋಡಿದ್ರು.
‘ರಕ್ತ ಸ್ವಲ್ಪ ಕಡಿಮಿ ಐತಿ, ಗುಳಿಗಿ ತಗೋರಿ,
ಸಂಜೀ ಮುಂದ ಚಾ ಬಿಡ್ರಿ, ವಿಚಾರ ಮಾಡಬ್ಯಾಡ್ರಿ.’
ಚಾ ಬಿಟ್ಟೆ.
ಮಗ್ಗಲ ಮನಿ ಮೆಹಬೂಬಿ ಹಾಲಿನ್ಯಾಗ ಜಾಜಿಕಾಯಿ ತೇದು ಕೊಟ್ಟಳು.
ಗುರುಬಸವ್ವಾಯಿ ಅಂದಳು, ದಿಂಬಿನ ಬುಡಕ ಚೂರಿ ಇಡು.
ಇಟ್ಟೆ.
ಕನಸಿನ್ಯಾಗ ಅದ ಚೂರಿಲೆ
ಮದವಿಗೆ ಆಗುವಷ್ಟು ಉಳ್ಳಾಗಡ್ಡಿ ಹೆಚ್ಚಿದೆ,
ಮುಂಜಾನೆ ಎದ್ರ ಕೈ ನೋಯಾಕತ್ತಿತ್ತು.

ಕನಸಿನ ಸುದ್ದಿ ಏನು ಹೇಳಲಿ.
ಗಾಡಿ ಡಾಂಬರು ಬಿಟ್ಟು ಹಿನ್ನೀರಿಗೆ ಇಳೀತೈತಿ,
ಯಾರಿಗೂ ಗಾಬರಿ ಇಲ್ಲ.
ಮುಳುಗಿದ ಓಣಿಯಾಗ ಒಂದೊಂದ ಸ್ಟಾಪು,
ಮೀನು ಕಿಡಕಿ ಬಡೀತಾವು.
ಮಷಿನ್ನಿನಿಂದ ಕಾಗದ ಬರತೈತಿ, ಬರತೈತಿ,
ಹರದ್ರೂ ಹರಿಯೂದಿಲ್ಲ.
ಅಲ್ಲೊಬ್ಬಾಕಿ ತೊಯ್ದ ಸೆರಗು ಹಿಂಡಕೋತ ಹತ್ತತಾಳ.
ನಮ್ಮವ್ವ.

ಜೀವ ಇದ್ದಾಗ ಸಂತಿಗೆ ನಡಕೋತ ಹೋದಾಕಿ,
ಬಸ್ಸಿನ ರೊಕ್ಕ ನನ್ನ ಪಾಟಿಚೀಲಕ್ಕ ಉಳಿಸಿದಾಕಿ.
‘ಹೆಂಗಸರಿಗೆ ಪುಕ್ಕಟ ಆಗೇತೆಂತಲ್ಲ,
ಮದ್ಲ ಯಾಕ ಹೇಳಲಿಲ್ಲ ನೀನು?’
ನಾನು ಶೂನ್ಯ ಟಿಕೀಟು ಹರದು ಕೊಡತೀನಿ.
‘ಎಲ್ಲಿ ಇಳೀತಿ ಯವ್ವಾ?’
‘ನೀ ಎಬ್ಬಸಿದಲ್ಲಿ’ ಅಂತಾಳ.

ಆಗ ಎಚ್ಚರಾಗತೈತಿ.
ಎಚ್ಚರಾದದ್ದು ನಾನು.

ಮಗಳು ನೀಲಾಂಬಿಕಾನ ಹಳೇ ನೋಟಬುಕ್ಕಿನ್ಯಾಗ
ಕನಸು ಬರದಿಡಾಕತ್ತೀನಿ ಈಗ, ವೇಬಿಲ್ಲಿನಂಗ.
ಹತ್ತಿದ್ದು: ಗೊತ್ತಿಲ್ಲ.
ಇಳಿದದ್ದು: ಮೂರು ಹತ್ತಕ್ಕ.
ಸಾಮಾನು: ಒಂದು ತೊಯ್ದ ಸೆರಗು.
ಬರದ ಮ್ಯಾಲೆ ಎದಿ ಸ್ವಲ್ಪ ಹಗುರ,
ನಿದ್ದಿ ಏನೂ ಬರೂದಿಲ್ಲ, ಸುಳ್ಳು ಯಾಕ ಹೇಳಲಿ.
ಹೊರಳಾಡೂದು ಬಿಟ್ಟು ಎದ್ದು ಕೂತು
ಕಾಲು ಬಿಸಿನೀರಾಗ ಇಟಗೊಂಡು
ಬೀದಿನಾಯಿಗಳ ಹಾಜರಿ ತಗೋತೀನಿ.

ಮೊನ್ನೆ ಬೇಸ್ತವಾರ ಇಳಕಲ್ಲ ಸ್ಟ್ಯಾಂಡಿನ್ಯಾಗ
ಮಂದಿ ಇಳದ ಮ್ಯಾಲೆ
ಚೀಲ ತೊಡಿ ಮ್ಯಾಲೆ ಇಟಗೊಂಡು ಚಿಲ್ಲರ ಎಣಿಸಾಕತ್ತಿದ್ದೆ.
ಹದಿನಾಲ್ಕು, ಹದಿನೈದು...
ಆಮ್ಯಾಲಿಂದು ನೆನಪಿಲ್ಲ.
ಎದ್ದಾಗ ಗಾಡಿ ತುಂಬಿತ್ತು.
ನಲವತ್ತು ಮಂದಿ, ಗಪ್‌ಚಿಪ್.
ಹತ್ತಿರದ ಸೀಟಿನ ಮುದುಕಿಯೊಬ್ಬಾಕಿ
ನನ್ನ ಮಾರಿ ಮ್ಯಾಲಿನ ನೊಣ ಹೊಡಿಯಾಕತ್ತಿದ್ದಳು.

‘ಎಬ್ಬಸಬಾರದೇನ್ರಿ?’ ಅಂದೆ, ನಾಚಿಕಿಲೆ.
‘ಈಗ ಬಂತವಾ ನಿನ್ನ ಊರು’ ಅಂದಳು.

ಗಾಡಿ ಹನ್ನೊಂದು ಮಿನಿಟ ತಡ.
ಡ್ರೈವರ್ ಹೊಳೆಬಸಪ್ಪ ಕಂಟ್ರೋಲರಿಗೆ
ಟೈರಿನ ಗಾಳಿ ನೋಡಾಕತ್ತಿದ್ದೆ ಅಂತ ಹೇಳಿದನಂತ.
ಅವತ್ತಿನ ಲೆಕ್ಕದಾಗ ಒಂದ ಸಾಲು:
ಹನ್ನೊಂದು ಮಿನಿಟ. ಕನಸು, ಶೂನ್ಯ.

ಸೀಟಿ ಊದಿದೆ. ಮಾಸ್ತರರು ಆಗಲೇ ತೂಕಡಿಸಾಕತ್ತಿದ್ರು.