ಸಿಂಬೆ ಬಟ್ಟೆ

ಯಾವ ದೇಶದ ಬೀದಿಯೋ ಅದು, ರೆಜಿನಾ ಟೀಚರಿಗೂ ಗೊತ್ತಿಲ್ಲ.
ಹಳೇ ಕ್ಯಾಲೆಂಡರಿನ ಹಾಳೆ, ತಾರೀಕು ಕತ್ತರಿಸಿ
ರಟ್ಟಿಗೆ ಅಂಟಿಸಿದ್ದಾರೆ. ಮೂಲೆಯಲ್ಲಿ ಗೆದ್ದಲು ತಿಂದ ತೂತು.
ಮೂರು ಇಟ್ಟಿಗೆ ಮನೆ, ಗಾರೆ ಬಳಿಯದೆ ಹಾಗೇ ಬಿಟ್ಟಿದ್ದು,
ಒಂದು ಹಸಿರು ಬಾಗಿಲು, ಬಾಗಿಲಲ್ಲಿ ಬಗ್ಗಿ
ಏನೋ ತೊಳೀತಿರೋ ಹೆಂಗಸು.
"ಇದನ್ನ ನೋಡ್ಕೊಂಡು ಬರಿ ದೇವೀರಮ್ಮ, ಕೈ ಪಳಗುತ್ತೆ."

ಟೀಚರ ಮನೆ ಬನ್ನಿಮಂಟಪದ ಹಿಂದೆ. ಗುಡಿಸೋಕೆ ಅಂತ ಸೇರಿದೆ.
ಮಕ್ಕಳು ಬಿಟ್ಟುಹೋದ ಬಣ್ಣದ ತಟ್ಟೆ ತೊಳೀತಾ ತೊಳೀತಾ
ಒಂದು ದಿನ ಬೆರಳಲ್ಲಿ, ಬಚ್ಚಲ ಗೋಡೆ ಮೇಲೆ ಒಂದು ಗೆರೆ ಎಳೆದೆ.
ಬೈತಾರೆ ಅಂದ್ಕೊಂಡೆ. ಸ್ಟೂಲು ಕೊಟ್ಟರು.

ಎಣ್ಣೆ ಬಣ್ಣಕ್ಕೆ ಅಗಸೆ ಎಣ್ಣೆ. ಬುಡ್ಡಿ ಇಷ್ಟೇ ಇಷ್ಟು,
ಬೆಲೆ ಕೇಳಿ ಎದೆ ಧಸಕ್ ಅಂತು.
"ಹುಚ್ಚೆಳ್ಳೆಣ್ಣೆ ಆಗಲ್ವಾ ಟೀಚರ್?"
ನಕ್ಕು ನಕ್ಕು ಕೆಮ್ಮಿದರು.
ಮೊದಲು ತೆಳ್ಳಗೆ, ಟರ್ಪೆಂಟೈನು ಬೆರೆಸಿ,
ಮೇಲುಮೇಲಕ್ಕೆ ಎಣ್ಣೆ ಏರಬೇಕು, ಇಲ್ಲದಿದ್ದರೆ ಬಿರುಕು.
ಅದನ್ನ ನನಗೆ ಹೇಳಿಕೊಡಬೇಕಾಗಿರಲಿಲ್ಲ.

ಇಪ್ಪತ್ತೆರಡು ವರ್ಷ ಚಿತ್ತಾಳು ನಾನು.
ಕಿರಂಗೂರು ಕಡೆಯ ಗೂಡಿಂದ ಲಾರಿಗೆ, ಲಾರಿಯಿಂದ ಮೂರನೇ ಮಹಡಿಗೆ,
ಒಂದು ಸಲಕ್ಕೆ ಹತ್ತು, ಬಸುರಿಯಾಗಿದ್ದಾಗ ಆರು.
ವಿಜಯನಗರದಲ್ಲಿ, ಹೆಬ್ಬಾಳದಲ್ಲಿ, ಬೋಗಾದಿಯಲ್ಲಿ
ಯಾವ್ಯಾವ ಮನೆಯೋ, ಈಗ ಗೇಟಲ್ಲಿ ನಾಯಿ.
ಹೊತ್ತೆ, ಹೊತ್ತೆ. ಒಂದೇ ಒಂದು ಇಟ್ಟಿಗೇನೂ ಇಟ್ಟಿಲ್ಲ.
ಒಮ್ಮೆ ಕರಣೆ ಮುಟ್ಟಿದ್ದಕ್ಕೆ ಬೋರಲಿಂಗ ಮೇಸ್ತ್ರಿ
"ಕಲಸೋಳು ಕಲಸು" ಅಂದ. ಅಷ್ಟೇ ಅಂದದ್ದು.

ಈಗ ಬ್ರಶ್ಶು. ಚಪ್ಪಟೆ ಮೂತಿ, ಪುಟಾಣಿ ಕರಣೆ ಥರ.
"ಆಕಾಶದಿಂದ ಶುರು ಮಾಡು" ಅಂದರು ಟೀಚರು.
ಮನೇನ ಯಾರಾದರೂ ಆಕಾಶದಿಂದ ಕಟ್ತಾರಾ?
ಕೆಳಗಿಂದಲೇ ಬಂದೆ, ವರಸೆ ಮೇಲೆ ವರಸೆ,
ಸಂದಿನ ಮೇಲೆ ಸಂದು ಬೀಳದ ಹಾಗೆ.
ಆಗ ಸಿಕ್ಕಿತು: ಎರಡನೇ ಮನೆಯ ಕಿಟಕಿ ಪಕ್ಕ
ಏಳನೇ ವರಸೆಯಲ್ಲಿ ಆ ದೊಡ್ಡ ಕಲಾವಿದ ತಪ್ಪಿದ್ದಾನೆ.
ಬೋರಲಿಂಗ ಆಗಿದ್ದರೆ ಕೆಡವಿಸ್ತಿದ್ದ.
"ದೂರ ನಿಂತು ನೋಡಮ್ಮ, ಸಂದೇ ಕಾಣಲ್ಲ."
ದೂರ ನಿಂತು ನೋಡೋರು ಮನೆ ಯಜಮಾನರು.
ನಾನು ಹತ್ತಿರದವಳು. ಸರಿ ಮಾಡಿದೆ.

ಬಣ್ಣ ಒಣಗೋದೇ ಇಲ್ಲ. ಎಂಟು ದಿನ, ಹತ್ತು ದಿನ,
ಮುಟ್ಟಿದರೆ ಹಲಸಿನ ಅಂಟು.
ಬೆಳಿಗ್ಗೆ ಗುಡಿಸೋಕೆ ಬಂದವಳು ಯಾವುದೋ ಗ್ಯಾನದಲ್ಲಿ
ಮಗ್ಗಲ್ಲಿ ನೀರು ತಂದಿದ್ದೆ, ಹೊಸ ಗೋಡೆಗೆ ಹೊಡೆಯೋಕೆ.
ಎತ್ತಿದ ಕೈ ಹಾಗೇ ನಿಂತು,
ಟೀಚರ ಕರಿಬೇವಿನ ಗಿಡಕ್ಕೆ ಹುಯ್ದೆ.

ಬ್ರಶ್ಶು ಒರೆಸೋದು ನನ್ನ ಹಳೇ ಸಿಂಬೆ ಬಟ್ಟೆಯಲ್ಲಿ.
ನಡು ಸವೆದು ಜರಡಿಯಾಗಿದೆ.
ಆ ಇಟ್ಟಿಗೆ ಪುಡಿಯ ಕೆಂಪಿನ ಮೇಲೆ ಈಗ ಈ ಕೆಂಪು,
ಒಗೆದರೆ ಯಾವುದು ಬಿಡುತ್ತೋ. ಒಗೆದಿಲ್ಲ.

ಕೊನೆಗೆ ಹಸಿರು ಬಾಗಿಲ ಪಕ್ಕ ಒಂದು ಇಟ್ಟಿಗೇನ
ಕರ್ರಗೆ, ಗಾಜಿನಂತೆ ಹೊಳೆಯೋ ಹಾಗೆ ಮಾಡಿದೆ.
ಗೂಡಿನ ಬಾಯಲ್ಲಿ ಅತಿಯಾಗಿ ಬೆಂದು ಸೊಟ್ಟಗಾದದ್ದು,
ಮೇಸ್ತ್ರಿ ನೋಡದೇ ಪಕ್ಕಕ್ಕೆ ಎಸೀತಿದ್ದ ಥರದ್ದು.
"ಇದು ಮೂಲದಲ್ಲಿ ಇಲ್ಲವಲ್ಲ" ಅಂದರು ಟೀಚರು, ಕನ್ನಡಕ ಏರಿಸಿ.

ಲೋಡಲ್ಲಿ ಬಂದಿತ್ತು, ಅಂದೆ.